ಸೆರಗಿನಂಚು ಹುಡುಕುವ ಕೈ

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಮಗನಿಗೆ 9 ವರ್ಷ. ನಾಲ್ಕನೇ ವರ್ಷದಲ್ಲಿ ಆಟಿಸಂ ಅಂತ ಗೊತ್ತಾಯಿತು. ಮಾತು ಕಡಿಮೆ, ಆದರೆ ಹೇಳಿದ್ದು ಅರ್ಥವಾಗುತ್ತೆ. ರೇಷ್ಮೆ ಸೀರೆ ಕಂಡರೆ ಸಾಕು, ಉಟ್ಟವರು ಯಾರು ಅಂತಲೂ ನೋಡದೆ ಸೆರಗು ಹಿಡಿದು ಉಜ್ಜುತ್ತಾನೆ. ಮಲಗುವಾಗ ನನ್ನ ಕಿವಿಯ ಹಾಲೆ ಬೇಕೇ ಬೇಕು. ಬೀರುವಿಗೂ ಗೋಡೆಗೂ ನಡುವೆ ತೂರಿಕೊಂಡು ನಿಲ್ಲುತ್ತಾನೆ. ಆದರೆ ನಾವು ತಲೆ ಸವರಿದರೆ, ಎಣ್ಣೆ ಹಚ್ಚಿದರೆ ಕಿರುಚುತ್ತಾನೆ. ಹೋದ ತಿಂಗಳು ಮೈಸೂರಿನ ಬಸ್ಸಲ್ಲಿ ಪಕ್ಕದಲ್ಲಿದ್ದ ಹೆಂಗಸಿನ ಸೆರಗು ಹಿಡಿದುಬಿಟ್ಟ. ಅವರ ಮನೆಯವರು ಜೋರಾಗಿ ಗದರಿದರು. ನನಗೆ ತಲೆ ಎತ್ತೋಕಾಗಲಿಲ್ಲ. ಕೈ ಮೇಲೆ ಎರಡು ಬಿಟ್ಟರೆ ಸರಿಹೋಗ್ತಾನೆ ಅಂತಾರೆ ಅತ್ತೆ. ಈ ಚಟ ಬಿಡಿಸೋದು ಹೇಗೆ ಮೇಡಂ? ಮೂರು ವಾರದಿಂದ ಮಣಿಕಟ್ಟನ್ನೂ ಕಚ್ಚಿಕೊಳ್ಳುತ್ತಿದ್ದಾನೆ.
ಒಬ್ಬ ತಾಯಿ, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಪತ್ರದ ಕೊನೇ ಸಾಲಿನಿಂದಲೇ ಶುರುಮಾಡುತ್ತೇನೆ. ಸೆರಗು, ಕಿವಿ, ಬೀರು ಇವೆಲ್ಲ ವರ್ಷಗಳಿಂದ ಇರುವಂಥವು. ಅವಕ್ಕೆ ನಿಧಾನವಾಗಿ ಬರೋಣ. ಮಣಿಕಟ್ಟು ಕಚ್ಚಿಕೊಳ್ಳುವುದು ಹೊಸದು, ಮೂರೇ ವಾರದ್ದು. ತನಗೆ ತಾನೇ ನೋವು ಮಾಡಿಕೊಳ್ಳುವ ಅಭ್ಯಾಸ ಹೀಗೆ ಇದ್ದಕ್ಕಿದ್ದಂತೆ ಶುರುವಾದರೆ ಮೊದಲು ಮೈಯಲ್ಲಿ ಏನಾದರೂ ತೊಂದರೆ ಇದೆಯಾ ಅಂತ ನೋಡಬೇಕು. ಮಾತು ಕಡಿಮೆ ಇರುವ ಮಗು 'ಅಮ್ಮಾ, ಹಲ್ಲು ನೋಯ್ತಿದೆ' ಅಂತ ಬಂದು ಹೇಳಲಾರದು. ಒಂಬತ್ತು ವರ್ಷ ಅಂದರೆ ಹಾಲುಹಲ್ಲು ಬೀಳುತ್ತಾ ಹೊಸ ಹಲ್ಲು ಬರುವ ಕಾಲ. ಹುಳುಕು ಹಲ್ಲಿರಬಹುದು, ಕಿವಿ ಸೋರುತ್ತಿರಬಹುದು, ನಾಲ್ಕೈದು ದಿನ ಹೊಟ್ಟೆ ಸರಿಯಾಗಿ ಹೋಗದೇ ಇರಬಹುದು. ಇವು ಮೂರನ್ನೂ ಈ ವಾರವೇ ತೋರಿಸಿ. ಹಲ್ಲಿನ ಡಾಕ್ಟರರ ಹತ್ತಿರ ಹೋಗುವುದು ಹೇಗೆ ಅಂತ ಕೊನೆಯಲ್ಲಿ ಹೇಳುತ್ತೇನೆ, ಅದು ನಿಮಗೆ ಕಷ್ಟದ ಕೆಲಸ ಅಂತ ಗೊತ್ತು. ಕಚ್ಚಿದ ಜಾಗದಲ್ಲಿ ಚರ್ಮ ಒಡೆದಿದ್ದರೆ ಸೋಪು ನೀರಲ್ಲಿ ತೊಳೆದು ಡಾಕ್ಟರರಿಗೆ ಅದನ್ನೂ ತೋರಿಸಿ.

ಈಗ ಸೆರಗಿಗೆ ಬರೋಣ. ನೀವು ಇದನ್ನು ಚಟ ಅಂದಿದ್ದೀರಿ. ಆ ಮಾತು ನನಗೆ ಒಪ್ಪಿಗೆ ಇಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಾ ಕೂತ ಹೆಂಗಸರನ್ನು ಒಮ್ಮೆ ನೋಡಿ. ಎಷ್ಟು ಜನರ ಬೆರಳು ಮಾಂಗಲ್ಯದ ಸರದ ಮೇಲೆ ಆಡುತ್ತಿರುತ್ತೆ! ಪರೀಕ್ಷೆ ಬರೆಯುವ ಹುಡುಗಿ ಜಡೆಯ ತುದಿ ಸುತ್ತುತ್ತಾಳೆ. ಗಂಡಸರು ಮೀಸೆ ತೀಡುತ್ತಾರೆ. ಮನಸ್ಸಿಗೆ ಕಸಿವಿಸಿಯಾದಾಗ ಕೈ ತನ್ನ ಪಾಡಿಗೆ ಏನನ್ನೋ ಹುಡುಕಿಕೊಂಡು ಹೋಗಿ ನಮ್ಮನ್ನು ಸಮಾಧಾನ ಮಾಡುತ್ತೆ. ನಿಮ್ಮ ಮಗನೂ ಅದನ್ನೇ ಮಾಡುತ್ತಿದ್ದಾನೆ. ಅವನಿಗೆ ಅದು ನಮಗಿಂತ ಜಾಸ್ತಿ ಬೇಕು, ಜಾಸ್ತಿ ಹೊತ್ತು ಬೇಕು, ಇಂಥದ್ದೇ ಬೇಕು. ಅಷ್ಟೇ ವ್ಯತ್ಯಾಸ.

ಯಾಕೆ ಜಾಸ್ತಿ ಬೇಕು? ನಮ್ಮ ಮೈ ದಿನವಿಡೀ ಮಿದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತೆ. ಅಂಗಿ ತಾಗಿದ್ದು, ಫ್ಯಾನಿನ ಗಾಳಿ, ಕಾಲ ಕೆಳಗಿನ ನೆಲ, ಕೈಕಾಲು ಎಲ್ಲೆಲ್ಲಿದೆ ಎಂಬುದು, ಎಲ್ಲವೂ. ಬೇಡದ್ದನ್ನು ಮಿದುಳು ಅಲ್ಲೇ ತಳ್ಳಿಹಾಕುತ್ತೆ, ಹಾಗಾಗಿ ನಮಗೆ ಅಂಗಿಯ ನೆನಪೇ ಇರುವುದಿಲ್ಲ. ಆಟಿಸಂ ಇರುವ ಅನೇಕರಲ್ಲಿ ಈ ಸೋಸುವ ಕೆಲಸ ಬೇರೆ ರೀತಿ ನಡೆಯುತ್ತೆ. ಕೆಲವು ಸುದ್ದಿ ಕಿವಿಗೆ ಅಪ್ಪಳಿಸುವಷ್ಟು ಜೋರು, ಇನ್ನು ಕೆಲವು ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ. ಒಂದೇ ಮಗುವಿನಲ್ಲಿ ಎರಡೂ ಇರುತ್ತವೆ. ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಮಂಡಿ ತರಚಿದ್ದು ಗೊತ್ತೇ ಆಗದಿರಬಹುದು. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದು ಆಟಿಸಂ ಅನ್ನು ಮೊದಲು ವಿವರಿಸಿದಾಗಲೂ ಸದ್ದಿಗೆ ಬೆಚ್ಚುವ ಮಕ್ಕಳು ಅದರಲ್ಲಿದ್ದರು. ಆದರೂ ಡಾಕ್ಟರುಗಳು ರೋಗ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿಯಲ್ಲಿ ಈ ಸ್ಪರ್ಶ, ಸದ್ದು, ಬೆಳಕಿನ ವಿಷಯ ಆಟಿಸಂನ ಲಕ್ಷಣವಾಗಿ ಸೇರಿದ್ದು 2013ರಲ್ಲಿ. ಹಾಗಾಗಿ ಇದನ್ನು ಸುಮ್ನೆ 'ಕೆಟ್ಟ ಅಭ್ಯಾಸ' ಅನ್ನುವವರು ಓದಿದವರಲ್ಲೂ ಇನ್ನೂ ಇದ್ದಾರೆ. ಅತ್ತೆಯವರನ್ನು ಮಾತ್ರ ದೂರಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಮಾತು ಬೇರೆ. ಅವನು ಬಂದು ಎಲ್ಲರನ್ನೂ ಮುಟ್ಟುತ್ತಾನೆ, ನಾವು ಮುಟ್ಟಿದರೆ ಕಿರುಚುತ್ತಾನೆ. ಬಹಳ ತಂದೆತಾಯಿಯರು ಇದನ್ನು ಹಟ ಅಂದುಕೊಂಡು ಒಳಗೊಳಗೇ ನೊಂದುಕೊಳ್ಳುತ್ತಾರೆ. 'ನನ್ನ ಮಗುವಿಗೆ ನಾನು ಬೇಡವಾ?' ಅಂತ ಕೇಳುತ್ತಾ ನನ್ನೆದುರು ಅತ್ತವರಿದ್ದಾರೆ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮಗೆ ನೀವೇ ಕಚಗುಳಿ ಇಟ್ಟುಕೊಳ್ಳಲು ನೋಡಿ. ಆಗಲ್ಲ ಅಲ್ವಾ? ನಿಮ್ಮ ಕೈ ಎಲ್ಲಿಗೆ ಹೋಗುತ್ತೆ, ಎಷ್ಟು ಒತ್ತುತ್ತೆ ಎಂದು ಮಿದುಳಿಗೆ ಮೊದಲೇ ಗೊತ್ತಿರುತ್ತೆ. ಹಾಗಾಗಿ ಅದು ಗಾಬರಿಯಾಗುವುದಿಲ್ಲ. ಬೇರೆಯವರ ಕೈ ಹಾಗಲ್ಲ, ಅದು ಯಾವ ಕ್ಷಣದಲ್ಲಿ ಎಲ್ಲಿಗೆ ಬರುತ್ತೆ ಅಂತ ಹೇಳುವಂತಿಲ್ಲ. ಇದರ ಜೊತೆಗೆ ಸ್ಪರ್ಶದಲ್ಲೂ ಬೇರೆ ಬೇರೆ ಬಗೆ ಇದೆ. ಕೂದಲಿರುವ ಚರ್ಮದಲ್ಲಿ ಒಂದು ಜಾತಿಯ ನಿಧಾನದ ನರಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮೆಲ್ಲಗೆ ಸವರಿದಾಗ ಅವು ಚೆನ್ನಾಗಿ ಎಚ್ಚರಗೊಳ್ಳುತ್ತವೆ. ತಾಯಿ ಮಗುವಿನ ಬೆನ್ನು ಸವರುವ ವೇಗ ಹೆಚ್ಚುಕಮ್ಮಿ ಅದೇ. ನಮಗೆ ಹಿತವಾಗುವ ಈ ಮೆಲು ಸ್ಪರ್ಶ ಆಟಿಸಂ ಇರುವ ಕೆಲವರಿಗೆ ಇರುವೆ ಹರಿದಂತಾಗುತ್ತೆ. ಅದೇ ಜನ ಗಟ್ಟಿಯಾಗಿ, ಅಗಲವಾಗಿ, ಒಂದೇ ಸಮ ಒತ್ತಿದರೆ ಸಮಾಧಾನವಾಗುತ್ತಾರೆ. ಅಂದರೆ ನೀವು ಪ್ರೀತಿಯಿಂದ ತಲೆ ಸವರಿದ್ದು ಅವನಿಗೆ ಮುಳ್ಳು, ಬೀರು ಮತ್ತು ಗೋಡೆಯ ಸಂದಿ ಅವನಿಗೆ ಅಪ್ಪುಗೆ. ಆ ಅಪ್ಪುಗೆಗೆ ಯಾವಾಗ ಹೋಗಬೇಕು, ಯಾವಾಗ ಹೊರಬರಬೇಕು ಎಂಬುದು ಅವನ ಕೈಯಲ್ಲೇ ಇದೆ.

ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಎಂಬ ಪಶುವಿಜ್ಞಾನಿ 1947ರಲ್ಲಿ ಹುಟ್ಟಿದವರು. ಅವರಿಗೂ ಆಟಿಸಂ. ಚಿಕ್ಕಂದಿನಲ್ಲಿ ಅಪ್ಪುಗೆ ಬೇಕು ಅನಿಸುತ್ತಿತ್ತು, ಯಾರಾದರೂ ಅಪ್ಪಿದರೆ ತಡೆಯಲಾಗುತ್ತಿರಲಿಲ್ಲ. ಸಂಬಂಧಿಕರೊಬ್ಬರ ಜಾನುವಾರು ತೋಟದಲ್ಲಿ ದನಗಳಿಗೆ ಚುಚ್ಚುಮದ್ದು ಕೊಡುವಾಗ ಎರಡೂ ಪಕ್ಕದಿಂದ ಒತ್ತಿ ಹಿಡಿಯುವ ಚೌಕಟ್ಟನ್ನು ಅವರು ನೋಡಿದರು. ಒತ್ತಿದೊಡನೆ ಕೆಲವು ದನಗಳು ಶಾಂತವಾಗುತ್ತಿದ್ದವು. 18ನೇ ವಯಸ್ಸಿಗೆ ಅವರು ತಮಗಾಗಿಯೇ ಅಂಥದ್ದೊಂದು ಯಂತ್ರ ಮಾಡಿಕೊಂಡರು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಲ್ಲ ಅವರ ಕೈಯಲ್ಲಿತ್ತು. ನಿಮ್ಮ ಮಗ ಅದೇ ಯಂತ್ರವನ್ನು ಬೀರುವಿನ ಸಂದಿಯಲ್ಲಿ ಕಂಡುಕೊಂಡಿದ್ದಾನೆ. ಆ ಬೀರು ಅಲುಗಾಡುವಂತಿದ್ದರೆ ಮಾತ್ರ ಇವತ್ತೇ ಗೋಡೆಗೆ ಬಿಗಿಸಿ.

ರೇಷ್ಮೆಯೇ ಯಾಕೆ ಅಂತ ಕೇಳಬಹುದು. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗನ ಕೈಯನ್ನು ನಾನು ಎಷ್ಟೋ ದಿನ ಬರೀ ನೋಡುತ್ತಾ ಕೂತಿದ್ದೇನೆ. ಸೆರಗನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿಯುತ್ತಿದ್ದ. ನುಣ್ಣಗಿರುವ ಒಡಲಿನ ಮೇಲಿಂದ ಬೆರಳು ಜಾರಿ ಜರಿ ಅಂಚಿಗೆ ಬರುತ್ತಿತ್ತು. ಒಡಲೂ ಅಂಚೂ ಸೇರುವ ಆ ಸಣ್ಣ ದಿಣ್ಣೆಯ ಮೇಲೆ ನಿಲ್ಲುತ್ತಿತ್ತು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ನಾಲ್ಕೈದು ಸಲ ಆದ ಮೇಲೆ ಆ ಅಂಚನ್ನು ಮೇಲ್ತುಟಿಗೆ ಒತ್ತಿಕೊಂಡು ಕಣ್ಣು ಅರೆ ಮುಚ್ಚುತ್ತಿದ್ದ. ಉಸಿರು ನಿಧಾನವಾಗುವುದು ಎದುರಿಗೆ ಕೂತವರಿಗೇ ಕಾಣುತ್ತಿತ್ತು. ಬೇರೆ ರೇಷ್ಮೆ ಕೊಟ್ಟರೆ ಎರಡು ಸಲ ಉಜ್ಜಿ ಬಿಸಾಡುತ್ತಿದ್ದ. ಮೈಸೂರು ಸಿಲ್ಕೇ ಆಗಬೇಕು. ಅದಕ್ಕೆ ಕಾರಣವೂ ಇದೆ. 1912ರಲ್ಲಿ ಶುರುವಾದ ನಮ್ಮ ಮೈಸೂರಿನ ರೇಷ್ಮೆ ಕಾರ್ಖಾನೆಯ ಹೆಸರುವಾಸಿ ಸೀರೆ ಕ್ರೇಪ್ ಬಟ್ಟೆಯದ್ದು. ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯುತ್ತಾರೆ. ಹಾಗಾಗಿ ಕಣ್ಣಿಗೆ ನುಣುಪಾಗಿ ಕಂಡರೂ ಬೆರಳಿಗೆ ಸಣ್ಣ ತರಿ ಸಿಗುತ್ತೆ. ನಮಗೆ ಕಷ್ಟಪಟ್ಟರೂ ತಿಳಿಯದ ವ್ಯತ್ಯಾಸ ಆ ಹುಡುಗನ ಬೆರಳಿಗೆ ಕಣ್ಣು ಮುಚ್ಚಿದ್ದರೂ ತಿಳಿಯುತ್ತಿತ್ತು.

ಹೊಡೆದರೆ, ಕೈ ಕಟ್ಟಿದರೆ ಏನಾಗುತ್ತೆ? ಇದನ್ನು ನನ್ನದೇ ತಪ್ಪಿನಿಂದ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ 'ಕೈ ಕಟ್, ಬಾಯ್ ಮುಚ್' ಎಂಬ ನಮ್ಮ ಶಾಲೆಗಳ ಪಾಠವನ್ನೇ ಥೆರಪಿ ಹೆಸರಲ್ಲಿ ಮಾಡುತ್ತಿದ್ದೆ. ಆರು ವರ್ಷದ ಒಬ್ಬ ಹುಡುಗಿ ಬೆರಳ ತುದಿಗಳನ್ನು ಒಂದಕ್ಕೊಂದು ತಿಕ್ಕುತ್ತಿದ್ದಳು. ಕೈ ತೊಡೆ ಮೇಲೆ ಸುಮ್ಮನಿಟ್ಟರೆ ಒಂದು ಒಣದ್ರಾಕ್ಷಿ. ಎರಡು ತಿಂಗಳಲ್ಲಿ ಕೈ ನಿಂತಿತು. ಅವರಮ್ಮ ಖುಷಿಯಲ್ಲಿ ಹಣ್ಣು ತಂದುಕೊಟ್ಟರು. ಒಂದು ದಿನ ಆ ಮಗು ಆಕಳಿಸಿತು. ಎರಡೂ ಕೆನ್ನೆಯ ಒಳಭಾಗ ಕಚ್ಚಿ ಕಚ್ಚಿ ಹಣ್ಣಾಗಿತ್ತು. ನಾವು ಕಾಣುವ ಕಡೆಯಿಂದ ಓಡಿಸಿದ್ದು ಕಾಣದ ಕಡೆ ಹೋಗಿ ಕೂತಿತ್ತು. ಆ ಬಾಯಿ ನನಗೆ ಇವತ್ತಿಗೂ ಮರೆತಿಲ್ಲ. ಅವತ್ತಿನಿಂದ, ಯಾರಿಗೂ ನೋವು ಮಾಡದ ಕೈಯನ್ನು ನಾನು ತಡೆದಿಲ್ಲ.

ಆದ್ದರಿಂದ ಒಂದು ಪ್ರಶ್ನೆ ನನ್ನಿಂದಲೂ. ಈ ಮೂರು ವಾರದಲ್ಲಿ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರಾದರೂ ಅವನ ಕೈ ಹಿಡಿದು ನಿಲ್ಲಿಸಲು ಶುರುಮಾಡಿದ್ದಾರಾ? ಬಸ್ಸಿನ ಘಟನೆ ಹೋದ ತಿಂಗಳದ್ದು, ಕಚ್ಚುವುದು ಮೂರು ವಾರದ್ದು. ಹಲ್ಲು, ಕಿವಿ, ಹೊಟ್ಟೆ ಎಲ್ಲ ಸರಿಯಿದ್ದರೆ ನಾನು ಮೊದಲು ಇಲ್ಲೇ ಹುಡುಕುತ್ತೇನೆ.

ಒಂದು ವಾರ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಷ್ಟು ಹೊತ್ತಿಗೆ ಉಜ್ಜಿದ, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು, ಏನನ್ನು ಉಜ್ಜಿದ, ಆಮೇಲೆ ಹೇಗಾದ. ಕಚ್ಚಿಕೊಂಡದ್ದಕ್ಕೂ ಹಾಗೇ. ಇಷ್ಟೇ ಸಾಕು. ಒಬ್ಬ ತಾಯಿ ಹೀಗೆ ಬರೆದಾಗ ಅವರ ಮಗಳು ಬೆಳಿಗ್ಗೆ ಮಿಕ್ಸಿ ಹಾಕಿದ ಐದೇ ನಿಮಿಷಕ್ಕೆ ಕೂದಲು ಎಳೆಯುವುದು ಗೊತ್ತಾಯಿತು. ಚಟ್ನಿಯನ್ನು ಅವಳು ಏಳುವ ಮುಂಚೆ ರುಬ್ಬಿಟ್ಟರು, ಅರ್ಧ ತೊಂದರೆ ಹೋಯಿತು.

ಜೊತೆಗೆ ಅವನ ಕೈಗೆ ಅದರದ್ದೇ ಆಸ್ತಿ ಕೊಡಿ. ಮನೆಯಲ್ಲಿ ಹರಿದ ರೇಷ್ಮೆ ಸೀರೆ ಇದ್ದೇ ಇರುತ್ತೆ. ನಾಲ್ಕೈದು ಬಗೆಯ ತುಂಡು ಅವನ ಮುಂದಿಡಿ, ನೀವು ಆರಿಸಬೇಡಿ, ಅವನ ಬೆರಳು ಆರಿಸಲಿ. ಆರಿಸಿದ್ದರಲ್ಲಿ ಅಂಚು ಸೇರುವಂತೆ ಗೇಣುದ್ದ ಕತ್ತರಿಸಿ, ಎಳೆ ಬಿಡದಂತೆ ಮಡಿಚಿ ಹೊಲಿದು, ಚಡ್ಡಿ ಜೇಬಿನ ಒಳಕ್ಕೆ ಒಂದು ತುದಿ ಸೇರಿಸಿಬಿಡಿ. ಬೀಳಲ್ಲ, ಕಳೆಯಲ್ಲ, ತರಗತಿಯಲ್ಲಿ ಯಾರಿಗೂ ಕಾಣಲ್ಲ. ಎರಡು ಮೂರು ಮಾಡಿಡಿ, ಒಂದು ಒಗೆಯೋಕೆ ಹೋಗಿರುತ್ತೆ. ಬಸ್ ಹತ್ತುವ ಮೊದಲೇ ಅದು ಅವನ ಬೆರಳಿನಲ್ಲಿರಬೇಕು. ಬೇರೆಯವರ ಸೆರಗು ಹಿಡಿದ ಮೇಲೆ ಕೊಟ್ಟರೆ ತಡವಾಯಿತು.

ಮಂಡ್ಯದವರಿಗೆ ಇನ್ನೊಂದು ಅನುಕೂಲ ಇದೆ. ಕಚ್ಚುವ ಬಾಯಿಗೆ ಕಬ್ಬಿನಂಥದ್ದು ಇನ್ನೊಂದಿಲ್ಲ. ಸಿಪ್ಪೆ ತೆಗೆದ ತುಂಡನ್ನು ಜಗಿದು ಜಗಿದು ಉಗುಳುವುದು ದವಡೆಗೆ ಭಾರಿ ಕೆಲಸ, ಹಾಗೆ ದವಡೆಗೆ ಕೆಲಸ ಸಿಕ್ಕರೆ ಎಷ್ಟೋ ಮಕ್ಕಳು ತಣ್ಣಗಾಗುತ್ತಾರೆ. ಹಲ್ಲು ತೋರಿಸಿ ಆದ ಮೇಲೆ ಕೊಡಿ, ನೀವು ಪಕ್ಕದಲ್ಲಿರಿ, ತಿಂದ ಮೇಲೆ ಬಾಯಿ ಮುಕ್ಕಳಿಸಲಿ. ಕಬ್ಬು ಇಲ್ಲದ ದಿನ ಗಟ್ಟಿ ಕೋಡುಬಳೆ. ಮೈಗೂ ಭಾರದ ಕೆಲಸ ಕೊಡಿ. ನೀರಿನ ಬಿಂದಿಗೆ ಹೊರಲಿ, ಚಪಾತಿ ಹಿಟ್ಟು ನಾದಲಿ, ರುಬ್ಬುಗುಂಡು ಇದ್ದರೆ ತಿರುಗಿಸಲಿ. ಮದುವೆ ಮನೆಗೋ ಸಂತೆಗೋ ಹೊರಡುವ ಮುಂಚೆ ಹತ್ತು ನಿಮಿಷ ಇಂಥ ಕೆಲಸ ಮಾಡಿದರೆ ಅವನಿಗೂ ನಿಮಗೂ ಹಗುರ.

ಒಳಗೆ ಭಾರ ತುಂಬಿ ಹೊಲಿದ ಹೊದಿಕೆಯನ್ನು ತೂಕದ ಹೊದಿಕೆ ಅಂತ ಈಗ ಆನ್‌ಲೈನ್‌ನಲ್ಲಿ ಮಾರುತ್ತಾರೆ, ಸಾವಿರಗಟ್ಟಲೆ ಬೆಲೆ. ಇಂಗ್ಲೆಂಡಿನಲ್ಲಿ ಆಟಿಸಂ ಇರುವ ಮಕ್ಕಳ ಮೇಲೆ ಅದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಮಕ್ಕಳಿಗೆ ಅದು ಇಷ್ಟವಾಯಿತು, ಆದರೆ ನಿದ್ದೆಯ ಹೊತ್ತು ಹೆಚ್ಚಾಗಲಿಲ್ಲ. 2008ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ 9 ವರ್ಷದ ಹುಡುಗನೊಬ್ಬ ಅಂಥ ಹೊದಿಕೆಯಲ್ಲಿ ಸುತ್ತಲ್ಪಟ್ಟು ಉಸಿರುಗಟ್ಟಿ ಸತ್ತ. ಹಾಗಾಗಿ ದುಡ್ಡು ಹಾಕಬೇಡಿ. ಮನೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಅವನು ಎಚ್ಚರವಿದ್ದಾಗ ತೊಡೆಯ ಮೇಲೆ ಇಡಿ. ಮುಖ ಯಾವತ್ತೂ ಮುಚ್ಚಬಾರದು. ಬೇಡವೆನಿಸಿದ ಕ್ಷಣ ಅವನೇ ತಳ್ಳುವಂತಿರಬೇಕು.

ತಲೆಗೆ ಎಣ್ಣೆ ಹಚ್ಚುವುದನ್ನೂ ಬದಲಿಸಿ. ಹಿಂದಿನಿಂದ ಬರಬೇಡಿ. ಎದುರಿಗೆ ಕೂತು, ಎಣ್ಣೆ ಅವನಿಗೆ ತೋರಿಸಿ, ಮೊದಲು ಅವನ ಕೈಯಿಂದಲೇ ಅವನ ತಲೆಗೆ ಹಚ್ಚಿಸಿ. ಆಮೇಲೆ ನಿಮ್ಮ ಅಂಗೈ ಪೂರ್ತಿ ಊರಿ, ಒಂದರಿಂದ ಐದರವರೆಗೆ ಜೋರಾಗಿ ಎಣಿಸಿ ತೆಗೆಯಿರಿ. ಐದಾದ ಮೇಲೆ ಕೈ ಖಂಡಿತ ಹೋಗುತ್ತೆ ಅಂತ ಅವನಿಗೆ ನಂಬಿಕೆ ಬರಬೇಕು. ಬಾಣಂತನದಲ್ಲಿ ಕಾಲು ಚಾಚಿ ಕೂತು ಮಗುವನ್ನು ಗಟ್ಟಿಯಾಗಿ ತಿಕ್ಕಿ ಎರೆಯುವ ಅಜ್ಜಿಯರಿಗೆ ಈ ಅಂಗೈಯ ಲೆಕ್ಕ ಚೆನ್ನಾಗಿ ಗೊತ್ತು. ಈ ಕೆಲಸವನ್ನು ಅತ್ತೆಯವರಿಗೇ ವಹಿಸಿ. ಮೊಮ್ಮಗ ತಮ್ಮ ಕೈಯಲ್ಲಿ ಕಿರುಚದೆ ಕೂತ ದಿನ ಹೊಡೆಯುವ ಮಾತು ತಾನಾಗೇ ನಿಲ್ಲುತ್ತೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು. ಅವನಿಗೆ ಸ್ಪರ್ಶ ಬೇಕು ಎಂಬುದು ನಿಜ. ಬೇರೆಯವರ ಮೈ ಅವರದ್ದು ಎಂಬುದೂ ನಿಜ. ಬಸ್ಸಿನ ಆ ಹೆಂಗಸಿಗೆ ಬೆಚ್ಚುವ ಹಕ್ಕಿತ್ತು. ಒಂಬತ್ತು ವರ್ಷದವನು ಸೆರಗು ಹಿಡಿದರೆ ಗದರುತ್ತಾರೆ, ಹದಿನಾರಕ್ಕೆ ಹಿಡಿದರೆ ಪೊಲೀಸರನ್ನು ಕರೆಯುತ್ತಾರೆ. ಹಾಗಾಗಿ ಕಲಿಸುವುದು ಈಗಲೇ. 'ಮುಟ್ಟಬೇಡ' ಅಂತ ಮಾತ್ರ ಹೇಳಿದರೆ ಅವನಿಗೆ ದಾರಿ ಇಲ್ಲ. 'ಇದು ಅವರದ್ದು, ನಿನ್ನದು ಜೇಬಲ್ಲಿದೆ' ಅಂತ ಹೇಳಿ ಅವನ ಕೈಯನ್ನು ಜೇಬಿನ ಕಡೆ ತೋರಿಸಿ. ಪ್ರತೀ ಸಲ ಅದೇ ಮಾತು, ಅದೇ ದನಿ. ಅಪ್ಪ, ಅಜ್ಜಿ, ಮೇಷ್ಟ್ರು ಎಲ್ಲರ ಬಾಯಲ್ಲೂ ಅದೇ.

ನಿಮ್ಮ ಕಿವಿಯಿಂದಲೇ ಪಾಠ ಶುರುವಾಗಲಿ. ಕಿವಿಯ ಹಾಲೆಯಲ್ಲಿ ಎಲುಬಿಲ್ಲ, ಮೃದು, ತಣ್ಣಗೆ. ಅವನಿಗೆ ಯಾಕೆ ಬೇಕು ಅಂತ ನನಗೆ ಅರ್ಥವಾಗುತ್ತೆ. ಮುಟ್ಟುವ ಮೊದಲು ನಿಮ್ಮ ಕೈ ತಟ್ಟಿ ಕೇಳುವುದನ್ನು ಕಲಿಸಿ. ನೀವು ಕಿವಿ ಕೊಟ್ಟರೆ ಹೌದು, ಅಂಗೈ ಅಡ್ಡ ಇಟ್ಟರೆ ಈಗ ಬೇಡ. ದಿನವಿಡೀ ದುಡಿದು ಸಾಕಾಗಿರುವಾಗ ಬೇಡ ಅನ್ನುವುದಕ್ಕೆ ನೀವು ಸಂಕಟಪಡಬೇಕಿಲ್ಲ. ಅವನೂ ಬೇರೆಯವರಿಗೆ ಬೇಡ ಅನ್ನಬಹುದು ಎಂಬುದನ್ನೂ ಇದೇ ಅಂಗೈಯಿಂದ ಕಲಿಸಿ. ಮಾತು ಕಡಿಮೆ ಇರುವ ಮಕ್ಕಳ ಮೇಲೆ ದೌರ್ಜನ್ಯ ಜಾಸ್ತಿ ನಡೆಯುತ್ತೆ, ಅವರಿಗೆ ಈ ಅಂಗೈ ಬಹಳ ಬೇಕು. ಇನ್ನೆರಡು ಮೂರು ವರ್ಷಕ್ಕೆ ಗುಪ್ತಾಂಗ ಮುಟ್ಟಿಕೊಳ್ಳುವುದೂ ಶುರುವಾಗಬಹುದು. ಆಗ ಗದರಬೇಡಿ, ಬಚ್ಚಲುಮನೆ ಅಥವಾ ಬಾಗಿಲು ಹಾಕಿದ ಕೋಣೆ ಅಂತ ಜಾಗ ತೋರಿಸಿ, ಅಷ್ಟೇ.

ದೊಡ್ಡವನಾದ ಮೇಲೂ ಹೀಗೇ ಇರುತ್ತಾನಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಲ್ಲಿ ಇರುತ್ತೆ. ಇರಬಹುದು. ಆಟಿಸಂ ಇರುವ 32 ವಯಸ್ಕರನ್ನು ಮಾತಾಡಿಸಿ 2019ರಲ್ಲಿ ಒಂದು ಅಧ್ಯಯನ ಬಂತು. ಈ ಉಜ್ಜುವುದು, ತೂಗುವುದು, ಕೈ ಆಡಿಸುವುದು ತಮ್ಮನ್ನು ಕಾಪಾಡುತ್ತೆ, ತಲೆಯೊಳಗಿನ ಗದ್ದಲ ಇಳಿಸುತ್ತೆ ಅಂತ ಅವರು ಹೇಳಿದರು. ಜನ ದುರುಗುಟ್ಟಿ ನೋಡುವುದು, ಬಿಡಿಸಲು ಬರುವುದು ಅವರಿಗೆ ಹೆಚ್ಚು ಕಷ್ಟ. ನನಗೆ ಗೊತ್ತಿರುವ ಮೈಸೂರಿನ ಒಬ್ಬ ಯುವಕ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಜೇಬಲ್ಲಿ ಯಾವಾಗಲೂ ಎರಡು ಹುಣಸೆ ಬೀಜ. ಉಜ್ಜಿ ಉಜ್ಜಿ ಗಾಜಿನ ಹಾಗೆ ಹೊಳೆಯುತ್ತವೆ. (ನಿಮ್ಮ ಮಗನಿಗೆ ಸದ್ಯ ಬೀಜ ಬೇಡ, ಬಾಯಿಗೆ ಹಾಕಿಕೊಳ್ಳುವ ಮಕ್ಕಳಿಗೆ ಅಪಾಯ.)

ಮನೆಯಲ್ಲಿ ಇಷ್ಟು ಮಾಡಿದರೂ ಕಚ್ಚುವುದು ನಿಲ್ಲದಿದ್ದರೆ ತಡ ಮಾಡಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಬನ್ನಿ, ನೋಟ್‌ಬುಕ್ ಮರೆಯಬೇಡಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಯಲ್ಲಿ ಆಟಿಸಂ ಕೂಡ ಇದೆ. ಹಾಗಾಗಿ ಜೇಬಿನ ಬಟ್ಟೆಯನ್ನು ಶಾಲೆಯಲ್ಲಿ ಇಟ್ಟುಕೊಳ್ಳಲು ಬಿಡಿ ಅಂತ ಮೇಷ್ಟ್ರಿಗೆ ಧೈರ್ಯವಾಗಿ ಹೇಳಬಹುದು.

ಇನ್ನು ಹಲ್ಲಿನ ಡಾಕ್ಟರು. ಬೆಳಿಗ್ಗೆ ಮೊದಲ ಸರದಿ ಕೇಳಿ, ಕಾಯುವ ಗದ್ದಲ ತಪ್ಪುತ್ತೆ. ಎರಡು ದಿನ ಮೊದಲೇ ಮನೆಯಲ್ಲಿ ಚಮಚ ಹಿಡಿದು 'ಆ' ಮಾಡಿಸಿ, ಐದು ಎಣಿಸಿ ಬಿಡಿ. ಚಮಚ ಅವನ ಕೈಗೂ ಕೊಡಿ, ಅವನು ನಿಮ್ಮ ಬಾಯಿ ನೋಡಲಿ. ಅಲ್ಲಿ ಹೋದ ಮೇಲೆ ಎಕ್ಸ್-ರೇ ತೆಗೆಯುವಾಗ ಹಾಕುವ ಸೀಸದ ಏಪ್ರನ್ ಇದೆಯಾ ಅಂತ ಕೇಳಿ. ಅದು ಒಳ್ಳೇ ಭಾರ ಇರುತ್ತೆ. ಅವನು ಒಪ್ಪಿದರೆ ಎದೆಯಿಂದ ತೊಡೆಯವರೆಗೆ ಹೊದಿಸಿ. ಎಷ್ಟೋ ಮಕ್ಕಳು ಅದರ ಕೆಳಗೆ ಅಲುಗದೆ ಮಲಗಿದ್ದನ್ನು ನೋಡಿದ್ದೇನೆ. ಒಂದು ಕೈಯಲ್ಲಿ ರೇಷ್ಮೆ ತುಂಡು ಇರಲಿ. ಇನ್ನೊಂದು ಕೈ ನಿಮ್ಮ ಕಿವಿ ಕೇಳಿದರೆ, ಅವತ್ತು ಕೊಟ್ಟುಬಿಡಿ. ಡಾಕ್ಟರು ಏನಂದರು ಅಂತ ನನಗೆ ಎರಡು ಸಾಲು ಬರೆಯಿರಿ.